ಶಿಬಿರಕ್ಕೆ ಬಂದ ಆಟಿಕೆ

(ಮಹೋತ್ಸವದ ಅಂಗವಾಗಿ ಸೇರಿದ ಮಕ್ಕಳ ಬೇಸಿಗೆಯ ಶಿಬಿರದ ಕಾರ್ಯಕರ್ತರ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)

 

ಶ್ರೀಮಠದ ಈ ಶುಭ ಸಮಾರಂಭದಲ್ಲಿ ಘನವಾದ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡಿರುವರು. ನನ್ನ ಪಾಲಿಗೆ ಬಂದಿರುವುದು ಮಕ್ಕಳ ಬೇಸಿಗೆಯ ಶಿಬಿರದ ವಿಚಾರ. ಅದರೊಳಗೂ ನಾನು ಆರಿಸಿಕೊಂಡಿರುವುದು ಬಹು ಚಿಕ್ಕದೊಂದು ಸಂಗತಿಯನ್ನು. ಮಗುವು ಮನೆಯಿಂದ ಜೋಪಾನವಾಗಿ ತಂದುಕೊಂಡ ಆಟದ ಸಾಮಾನನ್ನು ಶಿಬಿರದಲ್ಲಿ ಯಾರಾದರೂ ಬದಲಿಸಿಬಿಟ್ಟರೆ ಆ ಮಗುವಿಗೆ ಏನಾಗುವುದು, ಆಗ ನಾವು ಏನು ಮಾಡತಕ್ಕದ್ದು ಎಂಬುದೇ ಆ ಸಂಗತಿ. ಇಷ್ಟರ ಮಟ್ಟಿಗೆ ಒಂದು ಉಪನ್ಯಾಸವೇ ಬೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಅರ್ಧ ಗಳಿಗೆ ತಾಳ್ಮೆಯಿಂದ ಕೇಳಬೇಕೆಂದು ಅವರಲ್ಲಿ ಅರಿಕೆ.

ನಮ್ಮ ಸೀಮೆಯಲ್ಲಿ, ಎಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಗಳಲ್ಲಿ, ಪೂರ್ವದಲ್ಲಿ ಬೇಸಿಗೆಯ ರಜವೆಂದರೆ ಅಜ್ಜಿಯ ಮನೆ. ಮಕ್ಕಳು ಹಿಪ್ಪುನೇರಳೆಯ ತೋಟದಲ್ಲಿಯೂ ಹುಣಿಸೆಯ ಮರದ ಕೆಳಗೂ ಎರಡು ತಿಂಗಳು ಕಳೆದು, ಜೋಳದ ದಂಟಿಗೆ ಮುಳ್ಳು ಚುಚ್ಚಿ ಬಂಡಿಗಳನ್ನು ತಾವೇ ಕಟ್ಟಿಕೊಂಡು ಬೆಳೆಯುತ್ತಿದ್ದರು. ಮಕ್ಕಳನ್ನು ಒಂದೆಡೆ ಕೂಡಿಸಿ ಆಟಪಾಠಗಳನ್ನು ಕಲಿಸುವ ಏರ್ಪಾಡು ನಾಡಿಗೆ ತೀರ ಹೊಸದೇನೂ ಅಲ್ಲ. ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದ್ದು 1938ರಲ್ಲಿ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ಮಾಡಿದ ಪ್ರಯೋಗಗಳನ್ನು ಕನ್ನಡಿಗರು ಬಲ್ಲರು. ಮೈಸೂರಿನ ರಂಗಾಯಣವು ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ಚಿಣ್ಣರ ಮೇಳವನ್ನೂ ಅನೇಕರು ನೋಡಿರಬಹುದು. ಈಗಂತೂ ಏಪ್ರಿಲ್ ಬಂದಿತೆಂದರೆ ತಾಲ್ಲೂಕಿಗೆ ನಾಲ್ಕಾರು ಶಿಬಿರಗಳು. ಕೆಲವು ಸಂಜೆಗೆ ಮುಗಿಯುವವು. ಕೆಲವು ಹತ್ತು ಹದಿನೈದು ದಿನ ಮಕ್ಕಳನ್ನು ಅಲ್ಲಿಯೇ ಇರಿಸಿಕೊಳ್ಳುವವು. ನನ್ನ ಮಾತು ಮುಖ್ಯವಾಗಿ ಎರಡನೆಯ ಬಗೆಯ ಶಿಬಿರಗಳಿಗೆ ಸಂಬಂಧಿಸಿದ್ದು. ಏಕೆಂದರೆ ಅಲ್ಲಿಗೆ ಬರುವ ಮಗುವು ಅನೇಕ ವೇಳೆ ಜನ್ಮದಲ್ಲಿ ಮೊದಲ ಬಾರಿಗೆ ತಾಯಿಯ ಮಗ್ಗುಲನ್ನು ಬಿಟ್ಟು ಚಾಪೆಯ ಮೇಲೆ ಒಂಟಿಯಾಗಿ ಮಲಗುವುದು. ಮನೆಯಿಂದ ಅದು ಒಂದು ಗೊಂಬೆಯನ್ನೋ ಬುಗುರಿಯನ್ನೋ ಹಳೆಯ ಸೀರೆಯ ತುಂಡನ್ನೋ ತಂದಿದ್ದರೆ, ಆ ಹತ್ತು ದಿನದ ಮಟ್ಟಿಗೆ ಮನೆಯೆಂಬುದು ಅದೇ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ನಮ್ಮದು ಗಡಿಸೀಮೆ. ಶಾಲೆಯಲ್ಲಿ ಕನ್ನಡವನ್ನೋದುವ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗನ್ನಾಡುವರು. ಸಂತೋಷವಾಗಿರುವಾಗ ಯಾವ ಭಾಷೆಯಾದರೂ ಅವರಿಗೆ ನಡೆದೀತು. ದುಃಖವಾದಾಗ ಬಾಯಿಗೆ ಬರುವುದು ಮನೆಯ ಮಾತೇ.

ಕೆಲವು ವರ್ಷಗಳ ಕೆಳಗೆ ಈ ಸೀಮೆಯಲ್ಲಿಯೇ ನಡೆದ ಒಂದು ಶಿಬಿರಕ್ಕೆ ಕಥೆ ಹೇಳುವ ನಿಮಿತ್ತ ನಾನು ಹೋಗಿ ನಾಲ್ಕು ದಿನ ತಂಗಿದ್ದೆನು. ಶಿಬಿರದ ಹೆಸರು ಇಲ್ಲಿ ಬೇಡ. ನಡೆಸುತ್ತಿದ್ದವರು ಸದ್ಭಾವವುಳ್ಳ ತರುಣರು. ಅವರಲ್ಲಿ ಕೇಡೆಂಬುದು ಎಳ್ಳಷ್ಟೂ ಇರಲಿಲ್ಲ. ಚಿಂತಾಮಣಿಯ ಕಡೆಯ ಹಳ್ಳಿಯಿಂದ ಬಂದಿದ್ದ ಎಂಟು ವರ್ಷದ ಬಾಲಕನೊಬ್ಬನ ಬಳಿಯಲ್ಲಿ ಚನ್ನಪಟ್ಟಣದ ಮರದ ರೈಲೊಂದು ಇದ್ದಿತು. ನಂದಿಯ ಶಿವರಾತ್ರಿಯ ಜಾತ್ರೆಯಲ್ಲಿ ಕೊಂಡದ್ದಂತೆ. ಕೊಂಡಾಗ ಒಂದು ಎಂಜಿನ್ನು, ಎರಡು ಡಬ್ಬಿ. ಆಗ ಉಳಿದಿದ್ದುದು ಎಂಜಿನ್ನು ಮತ್ತು ಒಂದು ಡಬ್ಬಿ ಮಾತ್ರ. ಎಂಜಿನ್ನಿನ ನಾಲ್ಕು ಗಾಲಿಗಳಲ್ಲಿ ಒಂದು ಕಳೆದುಹೋಗಿದ್ದಿತು. ಹಿಡಿದು ಹಿಡಿದು ಕೆಂಪು ಬಣ್ಣ ಸವೆದು ಒಳಗಣ ಬಿಳಿಯ ಮರ ಅಲ್ಲಲ್ಲಿ ಕಾಣುತ್ತಿದ್ದಿತು. ರಾತ್ರಿ ಅದು ಹುಡುಗನ ತಲೆಯ ಬಳಿಯಲ್ಲಿ ಇರುತ್ತಿದ್ದಿತು.

ಮೂರನೆಯ ದಿನ ‘ಕಸದಿಂದ ರಸ’ವೆಂಬ ಪಾಠ. ಎಲ್ಲ ಶಿಬಿರಗಳಲ್ಲಿಯೂ ಇರತಕ್ಕ ಪಾಠವೇ ಇದು, ಒಳ್ಳೆಯ ಪಾಠವೇ. ಬೇಡವೆಂದು ಎಸೆದ ವಸ್ತುಗಳಿಂದ ಉಪಯುಕ್ತವಾದುದನ್ನೋ ಸುಂದರವಾದುದನ್ನೋ ಮಾಡುವುದು. ಅಂದು ಸಾಮಗ್ರಿಯನ್ನು ಒಟ್ಟುಗೂಡಿಸುವಾಗ ಈ ರೈಲು ಇಬ್ಬರು ಸ್ವಯಂಸೇವಕರ ಕಣ್ಣಿಗೆ ಬಿದ್ದಿತು. ಬಡ ಹುಡುಗನ ಮುರುಕು ಆಟಿಕೆ, ಇದನ್ನು ನಾವು ಚೆನ್ನು ಮಾಡಿಕೊಡೋಣವೆಂದು ಅವರು ಪಾಪ ನಿದ್ದೆಗೆಟ್ಟು ಕೂತು ಮಾಡಿದರು. ಮೈಗೆಲ್ಲ ಹೊಳೆಯುವ ನೀಲಿಯ ಎಣ್ಣೆಬಣ್ಣ ಬಳಿದರು, ಬೆಳ್ಳಿಯ ಗೆರೆಗಳನ್ನೆಳೆದರು, ಇಲ್ಲದ ಗಾಲಿಯ ಸ್ಥಾನದಲ್ಲಿ ಶೀಸೆಯ ಮುಚ್ಚಳವೊಂದನ್ನು ಕೂಡಿಸಿದರು, ಬೆಂಕಿಪೊಟ್ಟಣದಿಂದ ಕಳೆದುಹೋದ ಡಬ್ಬಿಯನ್ನೂ ಮಾಡಿ ಅಂಟಿಸಿದರು. ಕೆಲಸವು ನಿಜಕ್ಕೂ ಅಂದವಾಗಿದ್ದಿತು. ಬೆಳಗ್ಗೆ ಹುಡುಗನ ಮುಂದಿಟ್ಟು ಅವನ ಮುಖವರಳುವುದನ್ನು ನೋಡಲು ನಿಂತರು.

ಅವನು ಅದನ್ನು ತಿರುಗಿಸಿ ನೋಡಿದನು. ನೆಲದ ಮೇಲೆ ಒಮ್ಮೆ ತಳ್ಳಿದನು. ಅನಂತರ ಅವರ ಕಡೆಗೆ ಸರಿಸಿ ‘ಇದಿ ನಾದಿ ಕಾದು’ ಎಂದನು. ಇದು ನನ್ನದಲ್ಲ ಎಂದು. ಬೆಂಗಳೂರಿನಿಂದ ಬಂದಿದ್ದ ಆ ತರುಣರಿಗೆ ತೆಲುಗು ಬಾರದು. ಬಲ್ಲವರೊಬ್ಬರು ಅರ್ಥ ಹೇಳಿದಾಗ, ಬೇರೆ ಮಗುವಿನ ರೈಲು ಅದಲುಬದಲಾಗಿರಬೇಕೆಂದು ತಿಳಿದು ಅವರು ಚೀಲಗಳನ್ನೆಲ್ಲ ಹುಡುಕಿದರು! ಇದೇ ನಿನ್ನದು, ನಾವೇ ರಿಪೇರಿ ಮಾಡಿದೆವು ಎಂದು ವಿವರಿಸಿದರೆ ಅವನದು ಮತ್ತೆ ಅದೇ ಮೂರು ಮಾತು. ಹುಡುಗನು ತಿಂಡಿಯನ್ನು ಮುಟ್ಟಲಿಲ್ಲ. ಒಬ್ಬರು, ಉಪಕಾರಸ್ಮರಣೆಯಿಲ್ಲದ ಮಗು ಎಂದರು. ಇನ್ನೊಬ್ಬರು ಕರುಣೆಯಿಂದ ಪೇಟೆಗೆ ಹೋಗಿ ಸಂಜೆಯೊಳಗೆ ಹೊಸ ರೈಲನ್ನೇ ತಂದರು. ಐದು ಡಬ್ಬಿ, ಬ್ಯಾಟರಿಯಿಂದ ಓಡುವಂಥದು. ಹುಡುಗನು ಎರಡು ಕೈಗಳಿಂದಲೂ ಮರ್ಯಾದೆಯಾಗಿ ತೆಗೆದುಕೊಂಡು, ಪಕ್ಕದ ಚಾಪೆಯ ಹುಡುಗನಿಗೆ ಕೊಟ್ಟುಬಿಟ್ಟನು.

ಅಡಿಗೆಯ ಮನೆಯಲ್ಲಿದ್ದ ಒಬ್ಬ ತಾಯಿ ರಾತ್ರಿ ಅವನ ಬಳಿ ಕುಳಿತು, ನಿನ್ನ ರೈಲು ಮುಂಚೆ ಹೇಗಿತ್ತಪ್ಪ ಎಂದು ತೆಲುಗಿನಲ್ಲಿ ಕೇಳಿದರು. ದಿನವಿಡೀ ಯಾರೂ ಕೇಳದಿದ್ದ ಪ್ರಶ್ನೆ ಅದೊಂದೇ. ಹುಡುಗನು ಬಹಳ ಹೊತ್ತು ಹೇಳಿದನು. ಡಬ್ಬಿಯು ಯಾವ ಬಾವಿಗೆ ಬಿದ್ದಿತು, ಗಾಲಿಯು ಚಿಂತಾಮಣಿಯ ಬಸ್ಸು ನಿಲ್ದಾಣದಲ್ಲಿ ಎಲ್ಲಿ ಉರುಳಿಹೋಯಿತು, ಎಲ್ಲವೂ ಬಂದಿತು. ಅನಂತರ ತಿಳಿದುಬಂದ ಸಂಗತಿಯೇನೆಂದರೆ, ಮೂರೇ ಗಾಲಿಗಳ ಮೇಲೆ ಓಡುವಾಗ ಎಂಜಿನ್ನು ಕುಂಟುತ್ತ ಟಕಟಕವೆಂದು ಸದ್ದು ಮಾಡುತ್ತಿದ್ದಿತಂತೆ. ನಿಜವಾದ ರೈಲಿನ ಸದ್ದು ಅವನ ಪಾಲಿಗೆ ಅದೇ. ನಾಲ್ಕನೆಯ ಗಾಲಿಯೊಡನೆ ಆ ಸದ್ದು ಹೋಗಿದ್ದಿತು. ಈಗೇನು ಮಾಡೋಣವೆಂದು ಆ ತಾಯಿ ಕೇಳಿದರು. ಅವನೇ ಮುಚ್ಚಳವನ್ನು ಕಿತ್ತನು, ಬೆಂಕಿಪೊಟ್ಟಣವನ್ನು ಬಿಡಿಸಿದನು, ತಳ್ಳಿ ಕಿವಿಗೊಟ್ಟನು, ಅನಂತರ ಊಟ ಮಾಡಿದನು. ಬಣ್ಣಕ್ಕೆ ಮಾತ್ರ ಉಪಾಯವಿರಲಿಲ್ಲ. ನಾನು ಹೊರಡುವ ದಿನವೂ ಅವನು ಅದನ್ನು ಉಗುರಿನಿಂದ ಕೆರೆಯುತ್ತಲೇ ಇದ್ದನು.

ಬಣ್ಣಕ್ಕೇಕೆ ಉಪಾಯವಿರಲಿಲ್ಲವೆಂಬುದನ್ನು ಸ್ವಲ್ಪ ಹೇಳುತ್ತೇನೆ. ಕೈಕಸಬಿನವರು ಈ ಸಭೆಯಲ್ಲಿ ಬಹಳ ಮಂದಿ ಇರುವಿರಿ. ಚನ್ನಪಟ್ಟಣದ ಆಟಿಕೆಗಳನ್ನು ಬಹುಕಾಲದಿಂದ ಆಲೆಯ ಮರದಲ್ಲಿ ಮಾಡುವರು. ಬಿಳಿಯ, ನುಣುಪಾದ, ಕಡೆಯಲು ಅನುಕೂಲವಾದ ಮರ. ಚರಕಿಯ ಮೇಲೆ ಮರವು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುವರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುವುದು. ಅನಂತರ ಒಣಗರಿಯಿಂದ ಉಜ್ಜಿ ಹೊಳಪು ತರುವರು. ಕುಂಚವೆಂಬುದೇ ಇಲ್ಲ. 2005-06ರ ಸಾಲಿನಲ್ಲಿ ಈ ಕಸಬಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇಂಥ ಅರಗಿನ ಮೇಲೆ ಅಂಗಡಿಯ ಎಣ್ಣೆಬಣ್ಣವನ್ನು ಬಳಿದರೆ, ಅದನ್ನು ಸ್ಪಿರಿಟ್ಟಿನಿಂದ ತೊಳೆಯಹೊರಟಾಗ ಕೆಳಗಣ ಅರಗೂ ಕರಗಿಹೋಗುವುದು. ಮಾಡಿದ್ದನ್ನು ಮಾಡಿಲ್ಲವೆನಿಸಲು ದಾರಿಯಿಲ್ಲ. ಇನ್ನೊಂದು ಎಚ್ಚರಿಕೆಯೂ ಉಂಟು. ಮಕ್ಕಳು ಆಟಿಕೆಗಳನ್ನು ಬಾಯಿಗಿಡುವರು. ಎಣ್ಣೆಬಣ್ಣಗಳಲ್ಲಿ ಸೀಸವಿರುವ ಸಂಭವವಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು 10 ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂದು ಭಾರತ ಸರ್ಕಾರವು ನಿಯಮ ಮಾಡಿದ್ದು 2016ರಲ್ಲಿ. ಉಗ್ರಾಣದ ಮೂಲೆಯಲ್ಲಿ ಬಿದ್ದಿರುವ ಹಳೆಯ ಡಬ್ಬಿಯಲ್ಲಿ ಎಷ್ಟಿದೆಯೋ ಬಲ್ಲವರಾರು?

ಇನ್ನು ಆ ಹುಡುಗನ ‘ನನ್ನದಲ್ಲ’ ಎಂಬ ಮಾತನ್ನು ವಿಚಾರಿಸೋಣ. ಇದನ್ನು ಹಟವೆನ್ನುವುದು ಸುಲಭ. ಆದರೆ ಮಕ್ಕಳ ಮನಸ್ಸನ್ನು ಅಭ್ಯಾಸ ಮಾಡಿದವರು ಬೇರೆಯಾಗಿ ಹೇಳಿರುವರು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ವೈದ್ಯರಿದ್ದರು. ಎಳೆಯ ಕೂಸುಗಳು ಒಂದು ಕಂಬಳಿಯ ತುಂಡನ್ನೋ ಗೊಂಬೆಯನ್ನೋ ಬಿಡದೆ ಹಿಡಿದಿರುವುದನ್ನು ಕುರಿತು ಅವರು 1951ರಲ್ಲಿ ಒಂದು ಪ್ರಬಂಧವನ್ನೋದಿದರು. ಅದು 1953ರಲ್ಲಿ ಅಚ್ಚಾಯಿತು. ಆ ವಸ್ತುವು ಬದಲಾಗುವುದಾದರೆ ಕೂಸಿನ ಕೈಯಿಂದಲೇ ಬದಲಾಗಬೇಕು, ಅನ್ಯರಿಂದ ಕೂಡದು ಎಂಬುದು ಅವರ ಅಭಿಪ್ರಾಯ. ಅದು ಕೊಳೆಯಾಗಿ ನಾರುತ್ತಿದ್ದರೂ ಬಲ್ಲ ತಾಯಿಯು ಒಗೆಯಲು ಹಿಂಜರಿಯುವಳಂತೆ. ಒಗೆದರೆ ಕೂಸಿನ ಅನುಭವದಲ್ಲಿ ನಡುವೆ ಕಡಿದಂತಾಗುವುದೆಂದು ಅವಳಿಗೆ ಗೊತ್ತು. ನಮ್ಮ ಮನೆಗಳಲ್ಲಿ ಅಜ್ಜಿಯ ಹಳೆಯ ಸೀರೆಯ ಕೌದಿಯನ್ನು ಒಗೆಯಲು ಹಾಕಿದ ದಿನ ಮಗುವು ರಾತ್ರಿಯಿಡೀ ಅತ್ತ ಸಂಗತಿ ಎಷ್ಟು ತಾಯಂದಿರಿಗೆ ನೆನಪಿಲ್ಲ?

2008ರಲ್ಲಿ ಬ್ರೂಸ್ ಹುಡ್, ಪಾಲ್ ಬ್ಲೂಮ್ ಎಂಬ ಇಬ್ಬರು ವಿದ್ವಾಂಸರು ಪ್ರಕಟಿಸಿದ ಒಂದು ಪರೀಕ್ಷೆಯು ಇದಕ್ಕಿಂತಲೂ ಸ್ವಾರಸ್ಯವಾದುದು. ಮೂರರಿಂದ ಆರು ವರ್ಷದೊಳಗಣ ಮಕ್ಕಳ ಮುಂದೆ ಅವರು ಎರಡು ಪೆಟ್ಟಿಗೆಗಳನ್ನಿಟ್ಟು, ಇದು ಯಾವ ವಸ್ತುವನ್ನಾದರೂ ಇದ್ದಂತೆಯೇ ಇನ್ನೊಂದು ಮಾಡಿಕೊಡುವ ಯಂತ್ರವೆಂದು ನಂಬಿಸಿದರು. ಒಳಗೆ ನಡೆದದ್ದು ಕೈಚಳಕ. ಸಾಮಾನ್ಯ ಆಟಿಕೆಗಳಾದರೆ ಮಕ್ಕಳು ಹೊಸ ಪ್ರತಿಯನ್ನು ಸಂತೋಷದಿಂದ ತೆಗೆದುಕೊಂಡರು. ದಿನವೂ ಮಗ್ಗುಲಲ್ಲಿಟ್ಟುಕೊಂಡು ಮಲಗುವ ವಸ್ತುವಾದರೆ, ಬಹುಮಂದಿ ಮಕ್ಕಳು ಮೂಲವೇ ಬೇಕೆಂದರು. ಕೆಲವರು ಅದನ್ನು ಪೆಟ್ಟಿಗೆಯೊಳಗೆ ಇಡಗೊಡಲೇ ಇಲ್ಲ. ತದ್ರೂಪದ ಪ್ರತಿಯೂ ಒಲ್ಲದ ಮಗುವಿಗೆ, ಐದು ಡಬ್ಬಿಯ ಹೊಸ ರೈಲಿನಿಂದ ಸಮಾಧಾನವಾಗುವುದೆಂದು ನಾವು ತಿಳಿಯುವುದು ಹೇಗೆ? ಬೆಲೆಯು ರೂಪದಲ್ಲಿ ಇರಲಿಲ್ಲ. ಅದು ನಡೆದು ಬಂದ ದಾರಿಯಲ್ಲಿ ಇದ್ದಿತು.

ಶಿಡ್ಲಘಟ್ಟದವರಿಗೆ ಇದನ್ನು ನಾನು ವಿವರಿಸಬೇಕಾದುದೇ ಇಲ್ಲ. ರೇಷ್ಮೆಯ ಗೂಡೊಂದರಲ್ಲಿ ನೂರಾರು ಮೀಟರುಗಳವರೆಗೆ ಒಂದೇ ಎಳೆ. ಚಿಟ್ಟೆಯು ಹೊರಬರಲು ಒಂದು ಕಡೆ ತೂತು ಮಾಡಿದರೆ ಸಾಕು, ಗೂಡು ಹೊರಗಿನಿಂದ ಹೆಚ್ಚು ಕಡಮೆ ಹಾಗೆಯೇ ಕಂಡರೂ ಬಿಚ್ಚಾಣಿಕೆಗೆ ಬಾರದು. ಗೂಡಿನ ಮಾರುಕಟ್ಟೆಯಲ್ಲಿ ಕೈಹಾಕಿ ನೋಡುವ ಬಿಚ್ಚಾಣಿಕೆದಾರರು ನೋಡುವುದೂ ಆ ಎಳೆಯನ್ನೇ.

ದೊಡ್ಡವರಾದ ನಮಗೆ ಆಟಿಕೆಯ ದುಃಖವು ನಗೆಯ ವಿಷಯವಾಗಿ ಬಂದಿದೆ. ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ಯನ್ನು ಬಾಲ್ಯದಲ್ಲಿ ಹಾಡದ ಕನ್ನಡಿಗರಿಲ್ಲ. ಬಣ್ಣ ಬಣ್ಣದ ತುತ್ತೂರಿಯನ್ನು ಕೊಂಡು ಮೆರೆದ ಕಸ್ತೂರಿಯೆಂಬ ಹುಡುಗನು ಕೊಳದ ಬಳಿ ನಡೆಯುವಾಗ, ತುತ್ತೂರಿಯು ನೀರಿಗೆ ಜಾರಿ ಬಿದ್ದು ಬಣ್ಣ ಕಳೆದುಕೊಳ್ಳುವ ಕಥೆ ಅದು. ಗರ್ವಭಂಗದ ಪದ್ಯವೆಂದು ಮೇಷ್ಟರುಗಳು ಹೇಳಿಕೊಡುವರು. ಪದ್ಯವೂ ಹಾಗೆಯೇ ಇದೆ, ಸೊಗಸಾಗಿದೆ. ಆದರೆ ಬಹುಕಾಲ ಅದನ್ನು ಹಾಡಿಸಿರುವ ನಾನು ಒಂದನ್ನು ಗಮನಿಸಿರುವೆನು. ಬಣ್ಣವು ಹೋಗುವ ಕಡೆಗೆ ಬಂದಾಗ ಹಿರಿಯ ಹುಡುಗರು ಗೊಳ್ಳೆಂದು ನಗುವರು. ತೀರ ಚಿಕ್ಕವರು ನಗುವುದಿಲ್ಲ. ಒಂದು ಹುಡುಗಿಯಂತೂ, ಅದನ್ನು ಒಣಗಿಸಿದರೆ ಮತ್ತೆ ಊದಬಹುದೇ ಎಂದು ಕೇಳಿದಳು.

ಶ್ರೀಮಠದ ಭಕ್ತರಾದ ತಾವು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ವಸ್ತುಗಳ ಮೇಲಣ ಮಮಕಾರವನ್ನು ಬಿಡಿಸುವುದೇ ಧರ್ಮದ ಕೆಲಸವಾಗಿರಲು, ಮರದ ತುಂಡಿನ ಮೇಲೆ ಇಷ್ಟು ಆಸೆಯನ್ನಿಟ್ಟ ಮಗುವನ್ನು ನಾವೇಕೆ ಪೋಷಿಸಬೇಕು, ಎಂದು. ಈ ಆಕ್ಷೇಪವನ್ನು ನಾನು ಗೌರವದಿಂದಲೇ ಕಾಣುವೆನು. ಆದರೆ ತ್ಯಾಗವನ್ನು ಮಾಡತಕ್ಕವನು ಒಡೆಯನೇ. ಕೇಳದೆ ಕೊಂಡುಹೋಗಿ ಬಣ್ಣ ಬಳಿದವರಿಂದ ಹುಡುಗನಿಗೆ ವೈರಾಗ್ಯವು ಬಂದೀತೆಂದು ನನಗೆ ತೋರದು. ನನ್ನದೆಂಬುದಕ್ಕೆ ಇಲ್ಲಿ ಬೆಲೆಯಿಲ್ಲ ಎಂಬ ಪಾಠವು ಬಂದೀತು. ಬ್ಯಾಟರಿಯ ರೈಲನ್ನು ಪಕ್ಕದವನಿಗೆ ಕೊಟ್ಟವನೂ ಅದೇ ಹುಡುಗನೆಂಬುದನ್ನು ಮರೆಯಬಾರದು. ಹರಿಹರ ಮಹಾಕವಿಯು ಕೋಳೂರು ಕೊಡಗೂಸಿನ ಕಥೆಯನ್ನು ರಗಳೆಯಲ್ಲಿ ಹೇಳಿರುವನು. ಹಾಲನ್ನು ಶಿವನು ನಿಜವಾಗಿಯೂ ಕುಡಿಯುವನೆಂದು ನಂಬಿದ ಹಸುಳೆಯು, ಅವನು ಕುಡಿಯದಿರಲು ಅತ್ತು ಗೋಳಾಡಿದಳು. ಆ ಅಳುವನ್ನು ಕೂಸಿನ ಹಟವೆಂದು ಶಿವನು ತಳ್ಳಿಹಾಕಲಿಲ್ಲ, ಕುಡಿದನು.

ಇನ್ನೊಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಆಟಿಕೆಯನ್ನು ಯಾರೂ ಬಿಚ್ಚಕೂಡದೆಂದು ನಾನು ಹೇಳುತ್ತಿಲ್ಲ. ಮಗುವು ತನ್ನ ಆಟಿಕೆಯನ್ನು ತಾನೇ ಬಿಚ್ಚಿ, ಒಳಗೇನಿದೆಯೆಂದು ನೋಡಿ, ಕೆಡಿಸಿದರೂ ಕೆಡಿಸಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಏಕೆ, ಹೇಗೆ ಎಂದು ಕೇಳುವುದನ್ನು ನಾಡಿಗೆ ಕಲಿಸಿದ ಡಾ. ಎಚ್. ನರಸಿಂಹಯ್ಯನವರ ಸೀಮೆ ನಮ್ಮದು. ಹುಡುಗನು ತಾನಾಗಿ ರೈಲಿಗೆ ಹಸಿರು ಬಣ್ಣ ಬಳಿದಿದ್ದರೆ, ಅದು ಹಸಿರು ಬಣ್ಣದ ಅವನ ರೈಲೇ ಆಗಿರುತ್ತಿದ್ದಿತು. ಕೆಲಸವು ಒಂದೇ, ಕೈ ಯಾರದೆಂಬುದರಲ್ಲಿ ವ್ಯತ್ಯಾಸ.

ಹಾಗಾದರೆ ನಾವು ಮಾಡತಕ್ಕದ್ದೇನು? ಕೆಲವು ಶಿಬಿರಗಳಲ್ಲಿ, ಜಗಳಗಳಾಗುವುವೆಂದು, ಮನೆಯಿಂದ ಯಾವ ಆಟಿಕೆಯನ್ನೂ ತರಕೂಡದೆಂಬ ಕಟ್ಟಳೆಯಿದೆ. ನೂರು ಮಕ್ಕಳನ್ನು ನೋಡಿಕೊಳ್ಳುವವರ ಕಷ್ಟವನ್ನು ನಾನು ಬಲ್ಲೆನು. ಆದರೂ ಮಗುವಿಗೆ ಒಂದು, ಒಂದೇ ಒಂದು ವಸ್ತುವನ್ನು ತರಗೊಡುವುದು ಮೇಲು. ಮೊದಲನೆಯ ದಿನವೇ ಅದಕ್ಕೊಂದು ಬಟ್ಟೆಯ ಚೀಲವನ್ನು ಕೊಟ್ಟು, ಮೇಲೆ ಮಗುವಿನ ಹೆಸರನ್ನು ಹೊಲಿದು, ಚೀಲದೊಳಗಿರುವುದನ್ನು ಮಗುವಿನ ಅಪ್ಪಣೆಯಿಲ್ಲದೆ ಮೇಷ್ಟರೂ ಮುಟ್ಟಕೂಡದೆಂದು ಎಲ್ಲರೆದುರಿಗೆ ಹೇಳಿಬಿಡಬೇಕು. ‘ಕಸದಿಂದ ರಸ’ಕ್ಕೆ ಬೇಕಾದ ಕಸವನ್ನು ಶಿಬಿರದವರೇ ಒದಗಿಸತಕ್ಕದ್ದು. ಶಿಡ್ಲಘಟ್ಟದಲ್ಲಿ ತೂತಾದ ಗೂಡುಗಳಿಗೆ ಬರವಿಲ್ಲ. ಅವುಗಳಿಂದ ಎಂಥ ಹಾರಗಳನ್ನು ಮಾಡಬಹುದೆಂಬುದನ್ನು ತಾವು ಕಂಡಿರುವಿರಿ. ತೆಂಗಿನ ಚಿಪ್ಪು, ಹಳೆಯ ಲಗ್ನಪತ್ರಿಕೆ, ಅಡಕೆಯ ಹಾಳೆ ಇವೆಲ್ಲ ಧಾರಾಳವಾಗಿ ಸಿಕ್ಕುವುವು. ಮಗುವಿನ ಚಾಪೆಯ ಬಳಿ ಇರುವುದು ಯಾವುದೂ ಕಸವಲ್ಲ. ಮೊಳೆಯೋ ಚೂಪಾದ ತಗಡೋ ಹೊರಚಾಚಿ ಅಪಾಯವಿದ್ದರೆ, ಮಗುವಿಗೆ ತೋರಿಸಿ, ಹೇಳಿ, ಅದರ ಎದುರಿನಲ್ಲಿಯೇ ಸರಿಪಡಿಸಬೇಕು.

ಇಷ್ಟು ಮಾಡಿದರೂ ಕೈತಪ್ಪಿ ನಡೆದೇ ನಡೆಯುವುದು. ಬೇರೆ ಮಗುವು ಮುರಿಯಬಹುದು, ಮಳೆಯಲ್ಲಿ ನೆನೆಯಬಹುದು, ಉತ್ಸಾಹಿ ತರುಣರೊಬ್ಬರು ಬಣ್ಣ ಬಳಿಯಬಹುದು. ಆಗ ನಡೆದುದನ್ನು ನಡೆದಂತೆ ಮಗುವಿಗೆ ಹೇಳಬೇಕು. ಕಳಚಿದ ಚೂರುಗಳನ್ನು ಗುಡಿಸಿ ಎಸೆಯದೆ ಒಂದು ಡಬ್ಬಿಯಲ್ಲಿಟ್ಟು ಮಗುವಿನ ಕೈಗೆ ಕೊಡಬೇಕು. ಯಾವ ಚೂರು ಮುಖ್ಯವೆಂಬುದು ನಮಗೆ ತಿಳಿಯದು. ಹೊಸದನ್ನು ತರುವ ಆತುರ ಬೇಡ. ಮೊದಲು ಹೇಗಿತ್ತೆಂದು ಮಗುವಿಗೆ ಬರುವ ಭಾಷೆಯಲ್ಲಿ ಕೇಳಬೇಕು. ಕೇಳಬಲ್ಲವರನ್ನು, ಅವರು ಅಡಿಗೆಯ ಮನೆಯಲ್ಲಿದ್ದರೂ, ಕರೆತರಬೇಕು. ಅನಂತರ ಏನು ಮಾಡಬೇಕೆಂಬ ತೀರ್ಪು ಮಗುವಿನದು. ಶಿಬಿರದ ಕಡೆಯ ದಿನ ತಂದೆತಾಯಿಗಳು ಬಂದಾಗ ಅವರಿಗೂ ವಿಷಯವನ್ನು ತಿಳಿಸತಕ್ಕದ್ದು. ಇಲ್ಲವಾದರೆ ಮನೆಯಲ್ಲಿ, ಹೊಸದಾಗಿ ಮಾಡಿಕೊಟ್ಟರಲ್ಲ, ಅಳುವುದೇಕೆ ಎಂದು ಮಗುವು ಎರಡನೆಯ ಸಾರಿ ಬೈಸಿಕೊಳ್ಳುವುದು.

ಬರುವ ಏಪ್ರಿಲ್ಲಿನ ಶಿಬಿರಕ್ಕೆ ಚೀಲಗಳು ಬೇಕಾಗುವುವು. ಹೊಲಿಗೆಯ ಯಂತ್ರವುಳ್ಳ ತಾಯಂದಿರು ತಲಾ ಐದೋ ಆರೋ ಹೊಲಿದುಕೊಟ್ಟರೆ ಸಾಕು. ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದ, ಬಾಯಿಗೆ ಲಾಡಿ. ಮಾಸಿದರೂ ತೋರದ ಬಣ್ಣದ ಗಟ್ಟಿ ಬಟ್ಟೆಯಾದರೆ ಅನುಕೂಲ. ಸಿದ್ಧವಾದವುಗಳನ್ನು ಮಠದ ಉಗ್ರಾಣದಲ್ಲಿ ಒಪ್ಪಿಸಬಹುದು. ಮಕ್ಕಳ ಹೆಸರುಗಳನ್ನು ಬಂದ ದಿನ ಅವರ ಎದುರಿನಲ್ಲಿಯೇ ಹೊಲಿಯೋಣ.